ನಮ್ಮಾಕಿ ಒಪ್ಪಂಗಿಲ್ಲ

ಗುಗ್ಗರಹಟ್ಟಿಯ ಆ ಓಣಿಯಲ್ಲಿ ಯಾರನ್ನು ಕೇಳಿದರೂ, ಶಶಿರೇಖಾಳಿಗೆ ಸಿಟ್ಟು ಬಂದದ್ದನ್ನು ತಾವು ನೋಡಿಲ್ಲ ಎನ್ನುತ್ತಿದ್ದರು. ನಲವತ್ತಾರು ವರ್ಷದ ಹೆಂಗಸು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಪಾಲಯ್ಯನ ಮಗಳು. ಬಳ್ಳಾರಿಗೆ ಸೊಸೆಯಾಗಿ ಬಂದು ಇಪ್ಪತ್ನಾಲ್ಕು ವರ್ಷವಾಯಿತು. ಕಿಟಕಿಯ ಪಕ್ಕ ಹೊಲಿಗೆ ಮಷೀನು ಇಟ್ಟುಕೊಂಡು ಜೀನ್ಸ್ ಪ್ಯಾಂಟಿಗೆ ಬೆಲ್ಟು ತೂರಿಸುವ ಪಟ್ಟಿ ಹೊಲಿಯುವುದು ಅವಳ ಕೆಲಸ. ಎಷ್ಟು ಊರಿನ ಎಷ್ಟು ಗಂಡಸರ ಮಾನ ಅವಳ ಪಟ್ಟಿಯ ಮೇಲೆ ನಿಂತಿದೆಯೋ ಲೆಕ್ಕವಿಲ್ಲ. ಅವಳ ಮಾನ ಮಾತ್ರ ಒಬ್ಬ ಗಂಡಸಿನ ನಾಲಗೆಯ ಮೇಲೆ ನಿಂತಿತ್ತು ಎನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಆ ಗಂಡಸು ಅವಳ ಗಂಡ ಹುಲಿಗೇಶ್, ಬಸ್ ಡ್ರೈವರ್. ಅವನೂ ಕಂಡಕ್ಟರ್ ಮಾರೆಣ್ಣನೂ ವರ್ಷಗಟ್ಟಲೆ ಒಂದೇ ಗಾಡಿಯಲ್ಲಿ ದುಡಿದವರು. ಬೆಳಗಿನ ತಿಂಡಿ ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಎದುರು, ಚಹಾ ಕುರುಗೋಡಿನಲ್ಲಿ. ಆಮೇಲೆ ಇಬ್ಬರ ರೂಟೂ ಬೇರೆಯಾಯಿತು, ತಿನ್ನುವ ಸ್ನೇಹ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಮಾರೆಣ್ಣ ಬೈಕು ತಂದು ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದ, ಹುಲಿಗೇಶ್ ಹಿಂದೆ ಕೂರುತ್ತಿದ್ದ. ಸೀದಾ ಕೌಲ್ ಬಜಾರಿನ ಸುಂಕಪ್ಪನ ಹೋಟೆಲು. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ತಟ್ಟೆ ಒಂದು, ಪಕ್ಕದಲ್ಲಿ ಬಿಸಿ ಮಿರ್ಚಿ, ಆ ಒಂದೇ ತಟ್ಟೆಗೆ ಇಬ್ಬರ ಕೈ. ಮಾರೆಣ್ಣ ಯಾವ ಕೇರಿಯವನೆಂದು ಡಿಪೋಗೆಲ್ಲ ಗೊತ್ತು. ಅದಕ್ಕೇ ಹುಲಿಗೇಶ್ ಆ ತಟ್ಟೆಯನ್ನು ಎಲ್ಲರೆದುರೂ ಎತ್ತಿ ಹೇಳುತ್ತಿದ್ದ. "ಜಾತಿ ಗೀತಿ ನಮಗಿಲ್ಲಪ. ಒಂದ ತಟ್ಟಿಯಾಗ ಉಂಡಾವ್ರು ನಾವು."

ಈ ಭಾನುವಾರದ ತಿರುಗಾಟ ಶುರುವಾದ ಹೊಸದರಲ್ಲಿ ಶಶಿರೇಖಾ ತನ್ನನ್ನೂ ಕರೆದೊಯ್ಯಲು ಕೇಳಿದ್ದಳು. "ಅಲ್ಲಿ ಹೆಣ್ಮಕ್ಳು ಕೂಡಂಗಿಲ್ಲ. ಬರೇ ಡ್ರೈವರ್ ಮಂದಿ, ಬಾಯಿ ಸರಿ ಇರಂಗಿಲ್ಲ" ಎಂದಿದ್ದ. ಎರಡನೇ ಸಲ ಕೇಳಿದಾಗಲೂ ಅದನ್ನೇ ಹೇಳಿದ. ಮೂರನೇ ಸಲ ಅವಳು ಕೇಳಲಿಲ್ಲ.

ಶ್ರಾವಣದ ಒಂದು ಶನಿವಾರ ಬೆಳಿಗ್ಗೆಯೇ ಕರೆಂಟು ಹೋಯಿತು. ಮಷೀನು ಸುಮ್ಮನಾಯಿತು, ಮಧ್ಯಾಹ್ನವಾದರೂ ಕರೆಂಟು ಬರಲಿಲ್ಲ. ಎದುರು ಮನೆಯ ಜಡೆಮ್ಮ ಕೂಡ ಜೀನ್ಸ್ ಹೊಲಿಯುವವಳೇ. ಸುಮ್ಮನೆ ಕೂತರೆ ಅವಳಿಗೆ ಮೈಯೆಲ್ಲ ತುರಿಸುತ್ತದೆ. "ಏಳ, ಒಗ್ಗರಣಿ ತಿಂದು ಬರೂಣು. ದಿನಾ ನಮ್ಮ ಕೈಯಾಂದು ನಾವ ಉಂಡು ಸಾಕಾಗೈತಿ" ಎಂದು ಇವಳನ್ನು ಎಬ್ಬಿಸಿ ಆಟೋದಲ್ಲಿ ಕೂರಿಸಿದಳು. ಇಳಿದದ್ದು ಸುಂಕಪ್ಪನ ಹೋಟೆಲಿನ ಮುಂದೆ. ಶಶಿರೇಖಾ ಬಾಗಿಲಲ್ಲೇ ನಿಂತಳು. ಒಳಗೆ ಒಂದು ಟೇಬಲ್ಲಿನ ತುಂಬ ಕಾಲೇಜು ಹುಡುಗಿಯರು, ಇನ್ನೊಂದರಲ್ಲಿ ಬುರ್ಖಾ ಹಾಕಿದ ತಾಯಿ ಮಗಳು, ಮೂಲೆಯಲ್ಲಿ ಹಲ್ಲಿಲ್ಲದ ಅಜ್ಜಿಯೊಬ್ಬಳು ಮಿರ್ಚಿಯನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು. ಅಷ್ಟು ವರ್ಷ ನಂಬಿದ ಒಂದು ಸುಳ್ಳು ಅಲ್ಲೇ ಕಣ್ಣೆದುರು ಒಡೆಯಿತು. ಆದರೆ ಅದು ಚಿಕ್ಕ ಸುಳ್ಳು.

ಮಾರೆಣ್ಣನ ಹೆಂಡತಿ ನಂದಿನಿ ಒಬ್ಬಳೇ ಗೋಡೆ ಪಕ್ಕ ಕೂತಿದ್ದಳು. ಕುರುಗೋಡಿನ ಕಡೆ ಒಂದು ಶಾಲೆಯಲ್ಲಿ ಟೀಚರು, ಶನಿವಾರ ಅರ್ಧ ದಿನ ಮುಗಿಸಿ ಬಸ್ಸಿಳಿದು ಬಂದಿದ್ದಳು. ಡಿಪೋದವರ ಮದುವೆಗಳಲ್ಲಿ ಶಶಿರೇಖಾ ಅವಳನ್ನು ಎರಡು ಮೂರು ಸಲ ಕಂಡಿದ್ದಳು. ಆಗೆಲ್ಲ ಕೇಳಿದ್ದಕ್ಕೆ ಅಷ್ಟೇ ಉತ್ತರ ಕೊಟ್ಟು ಮುಖ ತಿರುಗಿಸಿದವಳು. ಓದಿದ ಹೆಂಗಸು, ಬಿಗುಮಾನ ಇರಬಹುದು ಎಂದುಕೊಂಡಿದ್ದಳು ಶಶಿರೇಖಾ. ಇವತ್ತು ಬೇರೆ ಜಾಗವೂ ಇರಲಿಲ್ಲ. ಜಡೆಮ್ಮನನ್ನು ಕರೆದುಕೊಂಡು ಹೋಗಿ ಎದುರಿಗೆ ಕೂತಳು. ಮಿರ್ಚಿ ಬಂದಾಗ ತಟ್ಟೆಯನ್ನು ನಂದಿನಿಯ ಕಡೆ ಸರಿಸಿದಳು.

"ತಗೋರಿ, ಬಿಸಿ ಅದಾವು."

ನಂದಿನಿ ತಟ್ಟೆಯನ್ನು ನೋಡಿದಳು, ಇವಳನ್ನು ನೋಡಿದಳು. "ನೀವು ನಮ್ಮ ಜೊತಿ ಕುಂತು ತಿನ್ನಬೌದೇನ್ರಿ? ಮನಿಗೆ ಹೋಗಿ ಜಳಕ ಮಾಡಬೇಕಾಗ್ತೈತಿ."

"ಯಾಕ್ರಿ ಹಂಗಂತೀರಿ?"

"ನಾ ಅಂದಿದ್ದಲ್ಲ, ನಿಮ್ಮನಿಯವ್ರು ಅಂದಿದ್ದು. ನಮ್ಮನಿ ಗೃಹಪ್ರವೇಶಕ್ಕ ಒಬ್ರ ಬಂದ್ರು. ಅಕ್ಕಾರನ್ನ ಯಾಕ ಕರ್ಕೊಂಡು ಬರ್ಲಿಲ್ಲ ಅಂತ ಕೇಳಿದೆ. ನಂದೇನಿಲ್ಲಮ್ಮ, ನಮ್ಮಾಕಿ ಒಪ್ಪಂಗಿಲ್ಲ, ಆಕಿಗೆ ಮಡಿ ಜಾಸ್ತಿ ಅಂದ್ರು. ಆದ್ರೂ ಮನಸು ತಡೀಲಿಲ್ಲ, ತುಪ್ಪ ಸವರಿ ಆರು ಹೋಳಿಗಿ ಕಟ್ಟಿ ಕೊಟ್ಟೆ. ಮರುದಿನ ಡಬ್ಬಿ ತೊಳದು ಬಂತು. ನಮ್ಮಾಕಿ ಮುಟ್ಟಲಿಲ್ಲ, ದನಕ್ಕ ಹಾಕಿದ್ಲು ಅಂತ ನಮ್ಮವ್ರ ಮುಂದ ಅಂದ್ರಂತ."

ಆ ಹೋಳಿಗೆಯನ್ನು ಶಶಿರೇಖಾ ಕಂಡೇ ಇರಲಿಲ್ಲ. ಗೃಹಪ್ರವೇಶಕ್ಕೆ ಕರೆದಿದ್ದರು ಎನ್ನುವುದೂ ಅವಳಿಗೆ ಇವತ್ತೇ ಗೊತ್ತಾದದ್ದು. "ನನಗೊಂದೂ ಗೊತ್ತಿಲ್ರಿ ನಂದಿನಿ. ನನ್ನ ಯಾರೂ ಕೇಳಿಲ್ಲ. ನನ್ನ ಮಕ್ಕಳಾಣಿ."

"ಇರಬೌದು" ಎಂದಳು ನಂದಿನಿ. ನಂಬಿದ ದನಿಯಲ್ಲ ಅದು. "ನಮ್ಮವ್ರು ವಾರ ವಾರ ನಿಮ್ಮ ಗೇಟಿನ ಹೊರಗ ನಿಲ್ತಾರ. ಒಳಗಿಂದ ಚಾ ಬರ್ತೈತಿ, ಪೇಪರ್ ಕಪ್ಪಿನ್ಯಾಗ. ಆ ಕಪ್ಪು ಅಂಗಡಿಯಿಂದ ತರಾಕಿ ಯಾರ್ರಿ?"

ತರುತ್ತಿದ್ದವಳು ಶಶಿರೇಖಾಳೇ. ಹುಲಿಗೇಶ್ ಒಂದು ದಿನ ಪೇಪರ್ ಕಪ್ಪು ತಂದಿಡು, ತೊಳೆಯುವ ತಾಪತ್ರಯ ಇರುವುದಿಲ್ಲ ಎಂದಿದ್ದ. ಕಿರಾಣಿ ಸಾಮಾನಿನ ಚೀಟಿಯಲ್ಲಿ ಅದನ್ನೂ ಬರೆದುಕೊಂಡಿದ್ದಳು. ತನ್ನ ಮನೆಗೆ ಬರುವ ಎಲ್ಲರಿಗೂ ಸ್ಟೀಲ್ ಲೋಟ, ಮಾರೆಣ್ಣನೊಬ್ಬನಿಗೆ ಯಾಕೆ ಕಾಗದದ್ದು ಎಂದು ಅವಳಿಗೆ ಒಂದು ಸಲವೂ ಹೊಳೆದಿರಲಿಲ್ಲ. ಅವಳ ತವರಿನಲ್ಲೂ ಹಿತ್ತಿಲ ಬಾಗಿಲಿಂದ ಆಚೆ ನಿಲ್ಲುವವರಿದ್ದರು. ಕಂಡು ಕಂಡು ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತ್ತು. ಶಶಿರೇಖಾ ದುಡ್ಡು ಕೊಟ್ಟು ಎದ್ದು ಬಂದಳು. ಆಟೋದಲ್ಲಿ ಜಡೆಮ್ಮ ಏನೇನೋ ಕೇಳಿದಳು, ಇವಳಿಗೆ ಒಂದೂ ಕಿವಿಗೆ ಬೀಳಲಿಲ್ಲ.

ಸಂಜೆ ಹುಲಿಗೇಶ್ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದ. ಅವಳು ನೀರೂ ಕೊಡದೆ ಕೇಳಿದಳು.

"ಆ ಹೋಳಿಗಿ ಏನ್ ಮಾಡಿದ್ರಿ?"

"ಯಾವ ಹೋಳಿಗಿ?"

"ನಂದಿನಿ ಕಟ್ಟಿ ಕೊಟ್ಟಿದ್ದು."

"ಹನ್ನೆರಡು ವರ್ಷದ ಹಿಂದಿನ ಮಾತು ಈಗ್ಯಾಕ?"

ಯಾವ ಹೋಳಿಗೆ ಎಂದು ಕೇಳಿದವನಿಗೆ ವರ್ಷ ಮಾತ್ರ ಪಕ್ಕಾ ನೆನಪಿತ್ತು. ದಾರಿಯಲ್ಲಿ ಎರಡು ತಿಂದೆ, ಉಳಿದದ್ದು ಡಿಪೋದವರಿಗೆ ಕೊಟ್ಟೆ ಎಂದು ಆಮೇಲೆ ಒಪ್ಪಿಕೊಂಡ. ಮನೆಗೆ ತಂದಿದ್ದರೆ ಅವ್ವ ರಂಪ ಮಾಡುತ್ತಿದ್ದಳು ಎಂದ.

"ಅತ್ತಿ ಹೋಗಿ ಒಂಬತ್ತು ವರ್ಷ ಆತು."

"ಓಣಿ ಮಂದಿ ಇಲ್ಲೇನು? ನಾಳಿ ಮಕ್ಕಳ ಲಗ್ನ ಆಗಬೇಕು."

"ಹಂಗಾದ್ರ ನಮ್ಮವ್ವ ಒಪ್ಪಂಗಿಲ್ಲ ಅನಬೇಕಿತ್ತು. ಓಣಿ ಒಪ್ಪಂಗಿಲ್ಲ ಅನಬೇಕಿತ್ತು. ನನಗ ಧೈರ್ಯ ಇಲ್ಲ ಅನಬೇಕಿತ್ತು. ನನ್ನ ಹೆಸರು ಯಾಕ ತಗೊಂಡ್ರಿ?"

ಹುಲಿಗೇಶ್‌ಗೆ ಇದು ದೊಡ್ಡ ವಿಷಯ ಎಂದೇ ಅನ್ನಿಸಲಿಲ್ಲ. ಸಾಕ್ಸನ್ನು ಶೂವಿನೊಳಗೆ ತುರುಕುತ್ತ ಬಹಳ ಸಹಜವಾಗಿ ಹೇಳಿದ. "ಹೆಂಡ್ತಿ ಒಪ್ಪಂಗಿಲ್ಲ ಅಂದ್ರ ಯಾರೂ ಮುಂದ ಕೇಳಂಗಿಲ್ಲ. ಮಾತು ಅಲ್ಲಿಗೆ ಮುಗೀತೈತಿ. ಎಲ್ಲಾ ಗಂಡಸ್ರೂ ಹಂಗ ಹೇಳ್ತಾರ."

ಹೌದು, ಎಲ್ಲ ಗಂಡಸರೂ ಹಾಗೇ ಹೇಳುತ್ತಾರೆ. ಬಾಡಿಗೆಗೆ ಮನೆ ಕೊಡದವನು ಹಾಗೇ ಹೇಳುತ್ತಾನೆ, ಮನೆಗೆ ಊಟಕ್ಕೆ ಕರೆಯದವನೂ ಹಾಗೇ ಹೇಳುತ್ತಾನೆ. ತಾನು ಹೋಟೆಲಿನ ಟೇಬಲ್ಲಿನಲ್ಲಿ ದೊಡ್ಡ ಮನುಷ್ಯನಾಗಿ ಕೂತು, ಮನೆಯ ಹೊಸ್ತಿಲಲ್ಲಿ ಹೆಂಡತಿಯನ್ನು ನಾಯಿಯ ಹಾಗೆ ಕಾವಲಿಗೆ ಕಟ್ಟುತ್ತಾನೆ. ಕಟ್ಟಿಸಿಕೊಂಡವಳಿಗೆ ಸುದ್ದಿಯೇ ಇರುವುದಿಲ್ಲ. ಶಶಿರೇಖಾ ಆ ರಾತ್ರಿ ಅಡುಗೆ ಮಾಡಲಿಲ್ಲ. ಯಾರೂ ಉಣ್ಣಲೂ ಇಲ್ಲ.

ಮರುದಿನ ಭಾನುವಾರ. ಎಂಟೂವರೆಗೆ ಗೇಟಿನಲ್ಲಿ ಹಾರ್ನ್ ಆಯಿತು. ಹುಲಿಗೇಶ್ ಚಪ್ಪಲಿ ಹುಡುಕುವಷ್ಟರಲ್ಲಿ ಶಶಿರೇಖಾ ಹೊರಗೆ ಹೋಗಿ ಗೇಟಿನ ಎರಡೂ ಬಾಗಿಲು ತೆಗೆದಳು.

"ಒಳಗ ಬರ್ರಿ ಮಾರೆಣ್ಣ. ಚಾ ಇಟ್ಟೀನಿ."

ಮಾರೆಣ್ಣ ಅವಳ ಭುಜದಾಚೆ ಹುಲಿಗೇಶನ ಕಡೆ ನೋಡಿದ. ಹುಲಿಗೇಶ್ ಚಪ್ಪಲಿಯ ಉಂಗುಟವನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. "ಇರ್ಲಿ ಅಕ್ಕಾರ, ಹೊತ್ತಾಗೈತಿ" ಎಂದ ಮಾರೆಣ್ಣ.

"ನಾ ಒಪ್ಪಂಗಿಲ್ಲ ಅಂತ ಇವ್ರು ಹೇಳಿದ್ದು ಸುಳ್ಳು. ನನ್ನ ಒಂದು ಮಾತು ಕೇಳಿಲ್ಲ. ಇದು ನಿಮಗ ಗೊತ್ತಾಗಬೇಕು."

ಮಾರೆಣ್ಣ ಬೈಕು ಬಂದ್ ಮಾಡಿದ. "ಗೊತ್ತೈತ್ರಿ ಅಕ್ಕಾರ."

"ಏನು ಗೊತ್ತೈತಿ?"

"ಅದು ನಿಮ್ಮ ಮಾತಲ್ಲ ಅಂತ. ಮೊದ್ಲಿಂದ ಗೊತ್ತೈತಿ. ಇಪ್ಪತ್ತು ವರ್ಷ ಪಕ್ಕದಾಗ ಕುಂತಾವ ನಾನು, ಇವನ್ನ ಅರಿಯನೇನು? ಬಾಯಿ ಬಿಟ್ಟು ಕೇಳಿದ್ರ ದೋಸ್ತಿ ಮುರೀತಿತ್ತು. ಆ ಡಿಪೋದಾಗ ನನ್ನ ತಟ್ಟಿಗೆ ಕೈ ಹಾಕಾವ ಇವನೊಬ್ಬನ. ಅದಕ್ಕ ಸುಮ್ನಾದೆ."

"ನಂದಿನಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ಆಕಿ ನನ್ನ ಇಲ್ಲಿಗೆ ಬರಾಕ ಬಿಡ್ತಿದ್ದಿಲ್ಲ."

ಅವನ ಮುಖ ನೋಡಿದರೆ ಬೈಯಲು ಬಾಯಿ ಬರುವಂತಿರಲಿಲ್ಲ. ಒಂದು ತಟ್ಟೆಗಾಗಿ ಅಷ್ಟು ವರ್ಷ ಗೇಟಿನ ಹೊರಗೆ ನಿಂತವನ ಮೇಲೆ ಯಾರು ತಾನೇ ಕೂಗಾಡಿಯಾರು. ಆದರೂ ಶಶಿರೇಖಾಳಿಗೆ ಅವನ ಮೇಲೂ ಸಿಟ್ಟು ಬಂತು, ತಡೆಯಲಾಗದಂಥ ಸಿಟ್ಟು. ಇಬ್ಬರೂ ಸೇರಿ ತಮ್ಮ ಸ್ನೇಹ ಉಳಿಸಿಕೊಂಡಿದ್ದರು. ಅದಕ್ಕೆ ಅವಳನ್ನು ಕೆಟ್ಟವಳನ್ನಾಗಿ ಮಾಡುವುದೊಂದೇ ದಾರಿಯಾಗಿತ್ತು. ಒಬ್ಬ ಆ ಮಾತು ಆಡಿದ, ಇನ್ನೊಬ್ಬ ಸುಳ್ಳೆಂದು ಗೊತ್ತಿದ್ದೂ ಅದನ್ನು ಮನೆಗೆ ಒಯ್ದು ಹೆಂಡತಿಗೆ ಕೊಟ್ಟ.

"ನಡೀಲೇ, ಮಿರ್ಚಿ ಆರಿ ಹೋಗ್ತಾವು" ಎಂದು ಹುಲಿಗೇಶ್ ಬಂದು ಹಿಂದೆ ಕೂತ. ಇಷ್ಟಾದ ಮೇಲೂ ಕೂತ. ಮಾರೆಣ್ಣನೂ ಬೈಕು ಎಬ್ಬಿಸಿದ. ಇಬ್ಬರೂ ಹೊರಟೇ ಹೋದರು.

ಶಶಿರೇಖಾ ಒಲೆ ಆರಿಸಿ, ಬಾಗಿಲು ಎಳೆದುಕೊಂಡು, ಮೂಲೆಗೆ ಬಂದು ಆಟೋ ಹತ್ತಿದಳು. ಮಾರೆಣ್ಣನ ಮನೆ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಡನ ಇಪ್ಪತ್ತು ವರ್ಷದ ಸ್ನೇಹಿತನ ಮನೆ. ಕೌಲ್ ಬಜಾರಿನ ಕಡೆ ಎಂದಷ್ಟೇ ಕಿವಿಗೆ ಬಿದ್ದಿತ್ತು, ಅಲ್ಲಿ ನಾಲ್ಕು ಕಡೆ ಟೀಚರ್ ಮನೆ ಯಾವುದೆಂದು ಕೇಳಿ ಹುಡುಕಿದಳು. ನಂದಿನಿ ಬಾಗಿಲು ತೆಗೆದಳು. ಹಿಂದಿನ ಗೋಡೆಯಲ್ಲಿ ಬುದ್ಧನ ಪಟ, ಒಳಗೆ ಕುಕ್ಕರಿನ ಸದ್ದು. ಬನ್ನಿ ಎನ್ನಲಿಲ್ಲ. ಶಶಿರೇಖಾ ಹೊರಗೇ ನಿಂತು, ಗೇಟಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು.

"ನಮ್ಮವ್ರಿಗೆ ಮೊದ್ಲಿಂದ ಗೊತ್ತಿತ್ತೇನು?" ಎಂದು ನಂದಿನಿ ಕೇಳಿದಳು.

"ಗೊತ್ತಿತ್ತು ಅಂದ್ರು."

"ಹೋಳಿಗಿ ಮಾತೂ?"

"ಅದನ್ನ ನಾ ಕೇಳಲಿಲ್ಲ."

ನಂದಿನಿ ಸೆರಗಿಗೆ ಕೈ ಒರೆಸಿಕೊಂಡಳು. "ಆದ್ರ ಪೇಪರ್ ಕಪ್ಪಿನ ಮಾತು ಹಂಗ ಐತಿ ಅಕ್ಕ. ಅದನ್ನ ಅವ್ರಿಬ್ರ ಮ್ಯಾಲ ಹಾಕಾಕ ಬರಂಗಿಲ್ಲ."

"ಬರಂಗಿಲ್ಲ. ತಂದಾಕಿ ನಾನ, ಯಾರಿಗೆ ಅಂತ ಕೇಳದಾಕಿನೂ ನಾನ. ಅದನ್ನ ಬಿಡಿಸ್ಕೊಳ್ಳಾಕ ಬಂದಿಲ್ಲ."

ನಂದಿನಿ ಒಳಗೆ ಹೋಗಿ ಕುಕ್ಕರ್ ಇಳಿಸಿದಳು. ಬಂದು ಚಪ್ಪಲಿ ಮೆಟ್ಟಿದಳು. "ನಡೀರಿ" ಎಂದಳು.

ಸುಂಕಪ್ಪನ ಹೋಟೆಲು ಭಾನುವಾರ ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತದೆ. ಅರ್ಧಕ್ಕರ್ಧ ಡಿಪೋದವರೇ, ತಟ್ಟೆ ಬರಲು ತಾಸು ಹಿಡಿಯುತ್ತದೆ. ಇಬ್ಬರು ಹೆಂಗಸರೂ ಟೇಬಲ್ಲುಗಳ ಸಂದಿಯಲ್ಲಿ ನುಗ್ಗಿ ಹೋಗಿ ಗಂಡಂದಿರ ಎದುರಿಗೆ ಕೂತರು. ಹುಲಿಗೇಶನ ಕೈ ಬಾಯಿಯ ಹತ್ತಿರ ನಿಂತಿತು. ಮಾರೆಣ್ಣ ತಲೆ ತಗ್ಗಿಸಿದ.

"ಉಣ್ರಿ" ಎಂದಳು ನಂದಿನಿ ತನ್ನ ಗಂಡನಿಗೆ. "ಮೊದ್ಲಿಂದ ಎಲ್ಲಾ ಗೊತ್ತಿದ್ದೂ ಉಂಡೀರಿ. ಇವತ್ತು ಯಾಕ ಗಂಟಲಾಗ ಇಳಿವಲ್ದು?"

ಸಪ್ಲಾಯರ್ ಬಂದು ಏನು ಕೊಡಲಿ ಎಂದ. "ಏನೂ ಬ್ಯಾಡ, ಇದ ಸಾಕು" ಎಂದು ಶಶಿರೇಖಾ ಗಂಡಸರ ಮುಂದಿದ್ದ ತಟ್ಟೆಗೆ ಕೈ ಹಾಕಿ ಒಂದು ಮಿರ್ಚಿ ಮುರಿದಳು. ಅರ್ಧ ನಂದಿನಿಗೆ ಕೊಟ್ಟಳು. ನಂದಿನಿ ಅದನ್ನು ಕೈಯಲ್ಲಿ ಹಿಡಿದುಕೊಂಡಳು, ಇನ್ನೂ ತಿನ್ನಲಿಲ್ಲ.

ಶಶಿರೇಖಾ ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ, ಆದರೆ ಸುತ್ತಲಿನ ನಾಲ್ಕು ಟೇಬಲ್ಲಿಗೂ ಕೇಳಿಸಿತು. "ಬರೂ ಐತವಾರ ಇವರಿಬ್ರೂ ನಮ್ಮ ಮನಿಗೆ ಊಟಕ್ಕ ಬರ್ತಾರ. ಪಡಸಾಲ್ಯಾಗ ಎಲ್ಲಾರೂ ಒಟ್ಟಿಗೆ ಕುಂದ್ರೂದು. ನನ್ನ ಒಪ್ಪಿಗಿ ಐತಿ. ನಿಮ್ಮದು ಐತೋ ಇಲ್ಲೋ, ಈಗ ಇಲ್ಲಿ ಹೇಳ್ರಿ."

ಡಿಪೋದವರು ಕತ್ತು ತಿರುಗಿಸಿದರು. ಗಲ್ಲಾಪೆಟ್ಟಿಗೆಯ ಮುಂದಿದ್ದ ಸುಂಕಪ್ಪನೂ ಚಿಲ್ಲರೆ ಎಣಿಸುವುದನ್ನು ಬಿಟ್ಟು ಈ ಕಡೆ ನೋಡಿದ. ಹುಲಿಗೇಶ್ ನೀರಿನ ಲೋಟ ಎತ್ತಿ ಕುಡಿದ, ಕೆಳಗಿಟ್ಟ. ಹೂಂ ಎನ್ನಲೂ ಆಗದೆ, ಊಹೂಂ ಎನ್ನಲೂ ಆಗದೆ, ಅಷ್ಟು ವರ್ಷದ ರೂಢಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ.

"ಮನ್ಯಾಗ ಒಂದು ಮಾತು ಕೇಳಿ ಹೇಳ್ತೀನಿ."

ಯಾರೂ ನಗಲಿಲ್ಲ. ಮಾರೆಣ್ಣ ತಲೆ ಎತ್ತಿ ಅವನನ್ನೇ ನೋಡಿದ.

"ಕೇಳಲೇ" ಎಂದ. "ಎದುರಿಗೆ ಕುಂತಾರಲ್ಲ, ಕೇಳು."