ಅಪ್ಪಂದಿರು ಬೇಲಿಯಾಚೆ, ಮಕ್ಕಳು ಗ್ಲೆನಿಸ್ ವಶಕ್ಕೆ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಆಸ್ಟ್ರೇಲಿಯಾದ ಜುಲೈ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿದೆ, ಕಾಲಿಟ್ಟಲ್ಲೆಲ್ಲ ಕರಕರ ಸದ್ದು. ಮೆಲ್ಬರ್ನ್ ನಗರದ ಪಶ್ಚಿಮ ಅಂಚಿನಲ್ಲಿರುವ ಸ್ಟೋನಿಗೇಟ್ ಫುಟ್‌ಬಾಲ್ ಕ್ಲಬ್ಬಿನ ಹಿಂಬದಿಯ ಸಣ್ಣ ಮೈದಾನಕ್ಕೆ ಗ್ಲೆನಿಸ್ ಪಾಸ್ಕೋ ಎರಡು ಚೀಲಗಳನ್ನು ಎಳೆದುಕೊಂಡು ಬರುತ್ತಾರೆ. ಒಳಗೆ ಇಪ್ಪತ್ತೆರಡು ಚೆಂಡು. ಅರವತ್ತೊಂದು ವರ್ಷದ ಅವರ ತಲೆಗೆ ಉಣ್ಣೆಯ ಟೋಪಿ, ಕುತ್ತಿಗೆಗೆ ಸೀಟಿ, ಬಲ ಸೊಂಟದಲ್ಲಿ ವೈದ್ಯರು ಎರಡು ವರ್ಷದ ಕೆಳಗೆ ಕೂರಿಸಿದ ಹೊಸ ಕೀಲು.

ಒಂಬತ್ತು ಹುಡುಗರು ಆಗಲೇ ಮೈದಾನ ಸುತ್ತುತ್ತಿದ್ದಾರೆ. ಬಾಯಿಂದ ಹಬೆ. ಬೇಲಿಯಾಚೆ ಸಾಲಾಗಿ ನಿಂತ ಕಾರುಗಳಲ್ಲಿ ಅವರ ಅಪ್ಪಂದಿರು. ಒಂದು ಕಾಲಕ್ಕೆ ಎಂಬತ್ತು ಸಾವಿರ ಜನ ಇವರ ಹೆಸರು ಕೂಗುತ್ತಿದ್ದರು. ಈಗ ಕಾಗದದ ಲೋಟದಲ್ಲಿ ಕಾಫಿ ಹಿಡಿದು, ಕಿಟಕಿಯ ಮಂಜು ಒರೆಸಿಕೊಂಡು ಇಣುಕುತ್ತಿದ್ದಾರೆ. ಅವರಲ್ಲೊಬ್ಬರು ಡ್ಯಾರಿಲ್ ಮೊಲೊಯ್. ಕ್ಲಬ್ಬಿಗಾಗಿ ಇನ್ನೂರ ಮೂವತ್ತೊಂದು ಪಂದ್ಯ ಆಡಿದವರು, ಮುಂಬಾಗಿಲ ಗೋಡೆಯ ಮೇಲೆ ಎರಡಾಳೆತ್ತರದ ಚಿತ್ರವಾಗಿ ಇರುವವರು. ಅವರು ಮೆಲ್ಲಗೆ ಇಳಿದು ಬಂದು ಗೇಟಿನ ಚಿಲಕಕ್ಕೆ ಕೈ ಹಾಕುತ್ತಾರೆ.

"ಡ್ಯಾರಿಲ್, ಕೈ ತೆಗಿ," ಗ್ಲೆನಿಸ್ ತಿರುಗಿಯೂ ನೋಡದೆ ಹೇಳುತ್ತಾರೆ.

"ಅಲ್ಲ ಗ್ಲೆನ್, ನೀರಿನ ಬಾಟ್ಲಿ ಬಿಟ್ಟೋಗಿದಾನೆ, ಕೊಟ್ಟು ಬರ್ತೀನಿ ಅಷ್ಟೆ..."

"ಹದಿನೇಳು ವರ್ಷ ಅವನಿಗೆ. ಬಾಯಾರಿದ್ರೆ ತಾನೇ ಬಂದು ತಗೋತಾನೆ. ನೀನು ಹೋಗಿ ಕಾರಲ್ಲಿ ಕೂತ್ಕೋ."

ಗೋಡೆಯ ಮೇಲಿನ ವೀರ ಹೋಗಿ ಕೂರುತ್ತಾರೆ. ಹುಡುಗರು ಮುಸಿಮುಸಿ ನಗುತ್ತಾರೆ. ಗ್ಲೆನಿಸ್ ಸೀಟಿ ಊದುತ್ತಾರೆ.

ಕೈಯಲ್ಲೂ ಕಾಲಲ್ಲೂ ಆಡುವ ಇಲ್ಲಿನ ಫುಟ್‌ಬಾಲಿನಲ್ಲಿ, ಪ್ರತಿ ನವೆಂಬರಿನ ಆಯ್ಕೆಯ ದಿನ ಕ್ಲಬ್ಬುಗಳು ಹದಿನೆಂಟರ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಅದರಲ್ಲಿ ಒಂದು ನಿಯಮವಿದೆ. ಅಪ್ಪ ಒಂದು ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ, ಮಗನನ್ನು ಮೊದಲು ಕೇಳುವ ಹಕ್ಕು ಅದೇ ಕ್ಲಬ್ಬಿನದು. ಹಾಗಾಗಿ ಹಳೆಯ ಆಟಗಾರರ ಮಕ್ಕಳನ್ನು ಹದಿಮೂರು, ಹದಿನಾಲ್ಕನೇ ವಯಸ್ಸಿನಿಂದಲೇ ಕರೆತಂದು ತಿದ್ದಿ ತೀಡುತ್ತಾರೆ. ದೊಡ್ಡ ತಂಡದ ತರಬೇತುದಾರರ ಮುಖ ಟಿ.ವಿ.ಯಲ್ಲಿ ಬರುತ್ತದೆ. ಮಕ್ಕಳನ್ನು ತಿದ್ದುವವರ ಹೆಸರು ಅಭಿಮಾನಿಗಳಿಗೂ ಗೊತ್ತಿರುವುದಿಲ್ಲ. ಸ್ಟೋನಿಗೇಟಿನಲ್ಲಿ ಆ ಕೆಲಸ ಹನ್ನೊಂದು ವರ್ಷದಿಂದ ಗ್ಲೆನಿಸ್ ಅವರದು.

ವಾರಕ್ಕೆ ಮೂರು ಬೆಳಗು. ಏಳುವುದು ನಾಲ್ಕೂ ಮುಕ್ಕಾಲಿಗೆ. ಒಬ್ಬೊಬ್ಬ ಹುಡುಗ ಒಂದು ಬೆಳಗಿಗೆ ಇನ್ನೂರು ಸಲ ಒದೆಯಬೇಕು, ಅದರಲ್ಲಿ ನೂರು ತನಗೆ ಬಾರದ ಕಾಲಲ್ಲಿ. ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ ದೇವರೇ ಬಲ್ಲ. ಅದಕ್ಕೇ ಗ್ಲೆನಿಸ್ ಕಾಲಿಗಿಂತ ಮೊದಲು ಕೈ ನೋಡುತ್ತಾರೆ. "ಚೆಂಡು ಕೈಬಿಡೋದ್ರಲ್ಲೇ ಅರ್ಧ ಆಟ ಮುಗೀತು. ಎಸೀಬಾರ್ದು, ಮಲಗಿಸ್ಬೇಕು. ಎಳೇ ಮಗೂನ ತೊಟ್ಲಲ್ಲಿ ಇಡ್ತೀವಲ್ಲ, ಹಾಗೆ," ಎನ್ನುತ್ತಾರೆ. ಏಳೂವರೆಗೆ ಆಟ ಮುಗಿಸಿ, ಹುಡುಗರಿಗೆ ಹುರಿದ ಬ್ರೆಡ್ಡು, ಮೊಟ್ಟೆ ತಿನ್ನಿಸಿ ಶಾಲೆಗೆ ಅಟ್ಟಿದ ಮೇಲೆಯೇ ಅವರ ಬಾಯಿಗೆ ಚಹಾ.

ಗ್ಲೆನಿಸ್ ಕೂಡ ಆಟಗಾರನ ಮಗಳೇ. ತಂದೆ ವರ್ನ್ ಪಾಸ್ಕೋ ಇದೇ ಕ್ಲಬ್ಬಿನ ಹಿಂದಿನ ಸಾಲಿನ ರಕ್ಷಣೆಗೆ ನಿಂತು ನೂರ ನಲವತ್ಮೂರು ಪಂದ್ಯ ಆಡಿದವರು. ಸಂಜೆ ಮನೆಯ ಹಿಂದಿನ ಓಣಿಯಲ್ಲಿ ಮಗ ಕೆವಿನ್‌ನನ್ನು ನಿಲ್ಲಿಸಿಕೊಂಡು ಕಲಿಸಲು ನೋಡುತ್ತಿದ್ದರು. "ಕೆವಿನ್‌ಗೆ ಚೆಂಡು ಕಂಡ್ರೇ ಆಗ್ತಿರ್ಲಿಲ್ಲ. ಐದು ನಿಮಿಷಕ್ಕೆ ಅಡುಗೆಮನೆ ಸೇರ್ಕೊಂಡು ಅಮ್ಮನ ಜೊತೆ ಹಿಟ್ಟು ನಾದ್ತಿದ್ದ. ಈಗ ಊರಿಗೆಲ್ಲ ಒಳ್ಳೇ ಬೇಕರಿ ಅವನದ್ದೇ. ಓಣೀಲಿ ಉಳಿದವಳು ನಾನು. ಅಪ್ಪಂಗೂ ಬೇರೆ ದಾರಿ ಇರ್ಲಿಲ್ಲ," ಎಂದು ನಗುತ್ತಾರೆ. ಹದಿನಾರಕ್ಕೆ ಎರಡೂ ಕಾಲಲ್ಲಿ ನಲವತ್ತೈದು ಮೀಟರ್ ಒದೆಯುತ್ತಿದ್ದಳು ಹುಡುಗಿ. ಆಗ ಹೆಣ್ಣುಮಕ್ಕಳಿಗೆ ತಂಡವೇ ಇರಲಿಲ್ಲ. ಶಾಲೆಯಲ್ಲಿ ಆಟದ ಮೇಡಂ ಆಗಿ ಇಪ್ಪತ್ತೊಂಬತ್ತು ವರ್ಷ ದುಡಿದು, ನಿವೃತ್ತಿಗೂ ಮೊದಲೇ ಕೆಲಸ ಬಿಟ್ಟು ಇಲ್ಲಿಗೆ ಬಂದರು. ಮೊದಮೊದಲು ಕೆಲವು ಅಪ್ಪಂದಿರು ಮುಖಕ್ಕೇ ಕೇಳಿದ್ದುಂಟು, "ನೀವು ಎಷ್ಟು ಪಂದ್ಯ ಆಡಿದೀರಿ?" ಎಂದು. "ಒಂದೂ ಇಲ್ಲ. ಬಾ, ಎಡಗಾಲಲ್ಲಿ ಒದಿ, ನೋಡೋಣ," ಎನ್ನುತ್ತಿದ್ದರು ಗ್ಲೆನಿಸ್. ಎರಡನೇ ಸಲ ಯಾರೂ ಕೇಳಲಿಲ್ಲ.

ಅವರ ಕೆಲಸಕ್ಕೇ ಕುತ್ತು ಬಂದದ್ದು ಆರು ವರ್ಷದ ಕೆಳಗೆ, ರೋರಿ ಟಲ್ಲಕ್ ಎಂಬ ಹುಡುಗನಿಂದ.

ರೋರಿಯ ತಂದೆ ನೀಲ್ ಟಲ್ಲಕ್ ಸ್ಟೋನಿಗೇಟಿಗೆ ಆಡಿದ್ದು ತೊಂಬತ್ತೆಂಟು ಪಂದ್ಯ. ತೊಂಬತ್ತೆಂಟನೆಯದರಲ್ಲಿ ಮಂಡಿ ಮುರಿಯಿತು, ಅಲ್ಲಿಗೆ ಮುಗಿಯಿತು. ಈಗ ಕಾಂಕ್ರೀಟ್ ಲಾರಿ ಓಡಿಸುತ್ತಾರೆ. ಎರಡು ಪಂದ್ಯ ಕಡಿಮೆಯಾದದ್ದಕ್ಕೆ ಮಗನ ಹೆಸರು ಹಳೆಯ ಆಟಗಾರರ ಮಕ್ಕಳ ಪಟ್ಟಿಗೆ ಏರಲಿಲ್ಲ. ರೋರಿ ಅಲ್ಲಿಗೆ ಬರುತ್ತಿದ್ದದ್ದೂ ಆಟಕ್ಕಲ್ಲ. ಡ್ಯಾರಿಲ್ ಅವರ ಹಿರಿಯ ಮಗನ ಗೆಳೆಯ ಅವನು, ಅದೇ ಕಾರಲ್ಲಿ ಶಾಲೆಗೆ ಹೋಗುವವನು. ಆಟ ಮುಗಿಯುವವರೆಗೆ ಚೀಲ ಹೆಗಲಿಗೇರಿಸಿ ಬೇಲಿಯಾಚೆ ನಿಂತಿರುತ್ತಿದ್ದ. ಒಂದು ಬುಧವಾರ ಚೆಂಡೊಂದು ಬೇಲಿ ಹಾರಿತು. ರೋರಿ ಶಾಲೆಯ ಬೂಟಿನಲ್ಲೇ, ಎಡಗಾಲಲ್ಲಿ ತಿರುಗಿಸಿ ಒದ್ದ. ಚೆಂಡು ಐವತ್ತು ಮೀಟರ್ ಬಾಗಿ ಬಂದು ಗ್ಲೆನಿಸ್ ಎದೆಗೇ ಸೇರಿತು.

"ಯಾರ ಮಗನೋ ನೀನು?"

"ನೀಲ್ ಟಲ್ಲಕ್."

"ತೊಂಬತ್ತೆಂಟು," ಎಂದರು ಗ್ಲೆನಿಸ್.

"ಹೂಂ. ಎಲ್ರೂ ಅದನ್ನೇ ಹೇಳ್ತಾರೆ."

"ಚೀಲ ಅಲ್ಲೇ ಇಡು. ಒಳಗೆ ಬಾ."

ಒಂದೂವರೆ ತಿಂಗಳು ಯಾರೂ ಗಮನಿಸಲಿಲ್ಲ. ಆಮೇಲೆ ಮ್ಯಾನೇಜರ್ ಬ್ರೆಂಡನ್ ಹೋಲ್ಟ್ ಕಚೇರಿಗೆ ಕರೆಸಿದರು. ಪಟ್ಟಿಯಲ್ಲಿ ಇಲ್ಲದವನಿಗೆ ಕ್ಲಬ್ಬಿನ ಮೈದಾನ ಕೊಡುವಂತಿಲ್ಲ, ನಾಳೆ ಕಾಲು ಮುರಿದರೆ ಹೊಣೆ ಯಾರು ಎಂದರು. ಕೊನೆಗೆ ಮನಸ್ಸಿನಲ್ಲಿದ್ದುದನ್ನೂ ಹೇಳಿದರು: "ನಾವು ಬೆಳೆಸೋದು, ಇನ್ಯಾವ್ದೋ ಕ್ಲಬ್ ಎತ್ಕೊಂಡು ಹೋಗೋದು. ನಾವೇನು ಧರ್ಮಛತ್ರ ನಡೆಸ್ತಿದೀವಾ ಗ್ಲೆನ್?"

"ಅಪ್ಪ ಎಷ್ಟು ಪಂದ್ಯ ಆಡಿದ ಅಂತ ಎಣಿಸೋದು ನಿನ್ನ ಕೆಲ್ಸ, ಬ್ರೆಂಡನ್. ಮಗನ ಕಾಲು ನೋಡೋದು ನನ್ನದು."

"ಅವನು ನಾಳೆಯಿಂದ ಬರೋ ಹಾಗಿಲ್ಲ. ಅಷ್ಟೆ."

"ಸರಿ. ಹಾಗಾದ್ರೆ ನಾನೂ ಬರಲ್ಲ. ನಿನ್ನ ಮೈದಾನ ನೀನೇ ಇಟ್ಕೋ."

ಆ ಕೆಲಸವಿಲ್ಲದೆ ಬೆಳಿಗ್ಗೆ ಎದ್ದು ಏನು ಮಾಡುವುದೆಂದು ಗ್ಲೆನಿಸ್‌ಗೂ ತಿಳಿದಿರಲಿಲ್ಲ. ಆದರೂ ಶುಕ್ರವಾರ ಆರಕ್ಕೆ ತಮ್ಮದೇ ಆರು ಹಳೆಯ ಚೆಂಡು ಹೊತ್ತುಕೊಂಡು ಎರಡು ಬೀದಿಯಾಚೆಯ ಸಾರ್ವಜನಿಕ ಪಾರ್ಕಿಗೆ ಹೋದರು. ರೋರಿಯೊಬ್ಬನಿಗೇ ಹೇಳಿದ್ದರು. ಹತ್ತು ನಿಮಿಷಕ್ಕೆ ಒಂದು ಕಾರು ಬಂದು ನಿಂತಿತು. ಹಿಂದೆ ಮತ್ತೊಂದು. ಆರೂವರೆಗೆ ಹುಡುಗರೆಲ್ಲ ಅಲ್ಲಿದ್ದರು. ನಾಯಿ ಅಡ್ಡಾಡಿಸಲು ಬಂದವರ ನಡುವೆ ಹಳೆಯ ಆಟಗಾರರು ಕೈ ಹೊಸೆಯುತ್ತ ನಿಂತಿದ್ದರು.

"ಇಲ್ಲಿ ಬೇಲಿ ಇಲ್ವಲ್ಲ ಗ್ಲೆನ್, ಎಲ್ಲಿ ನಿಲ್ಲೋದು?" ಡ್ಯಾರಿಲ್ ಕೇಳಿದರು.

"ಆ ಕಸದ ಡಬ್ಬಿ ಕಾಣ್ತಿದೆಯಾ? ಅದರಾಚೆ."

ಮೂರು ವಾರ ಹೀಗೇ ನಡೆಯಿತು. ಒಂದು ನಾಯಿ ದಿನಾ ಒಂದು ಚೆಂಡು ಕಚ್ಚಿಕೊಂಡು ಓಡುತ್ತಿತ್ತು, ಅದನ್ನು ಅಟ್ಟಿಸಿಕೊಂಡು ಓಡುವುದೂ ತರಬೇತಿಯ ಭಾಗವಾಯಿತು. ಕ್ಲಬ್ಬಿನ ಸಣ್ಣ ಮೈದಾನ ಖಾಲಿ ಬಿದ್ದಿತ್ತು. ನಾಲ್ಕನೇ ವಾರ ಡ್ಯಾರಿಲ್ ಕಚೇರಿಗೆ ಹೋಗಿ ಎರಡೇ ಮಾತು ಹೇಳಿದರಂತೆ: "ಗ್ಲೆನ್ ಎಲ್ಲಿರ್ತಾಳೋ ನನ್ನ ಮಗ ಅಲ್ಲಿರ್ತಾನೆ. ಪಾರ್ಕ್ ಪಕ್ಕದಲ್ಲೇ ಇನ್ನೊಂದು ಕ್ಲಬ್ಬಿಗೆ ಹುಡುಗರನ್ನ ಆರಿಸೋರ ಮನೆ ಇದೆ, ಅವರೂ ನೋಡ್ತಿದಾರೆ." ಮರುದಿನವೇ ಹೋಲ್ಟ್ ಪಾರ್ಕಿಗೆ ಬಂದು, ಕಸದ ಡಬ್ಬಿಯಾಚೆಯೇ ನಿಂತು, ರೋರಿಯ ಹೆಸರನ್ನು 'ಅತಿಥಿ' ಎಂದು ಬರೆದ ಕಾಗದ ತೋರಿಸಿದರು.

ಎರಡು ವರ್ಷದ ನಂತರ ನವೆಂಬರಿನ ಆಯ್ಕೆಯ ದಿನ, ಹೋಲ್ಟ್ ಹೆದರಿದಂತೆಯೇ ಆಯಿತು. ಅಡಿಲೇಡಿನ ಕ್ಲಬ್ಬೊಂದು ರೋರಿಯ ಹೆಸರು ಕೂಗಿತು. ಹುಡುಗ ಮೊದಲು ಫೋನ್ ಮಾಡಿದ್ದು ಅಪ್ಪನಿಗೆ, ನಂತರ ಗ್ಲೆನಿಸ್‌ಗೆ. ಮರುವರ್ಷ ಅವನು ಸ್ಟೋನಿಗೇಟಿನ ಎದುರೇ ಆಡಲು ಬಂದ. ತಮ್ಮ ಕ್ಲಬ್ಬಿನ ಶಾಲು ಹೊದ್ದು ಕೂತಿದ್ದ ಗ್ಲೆನಿಸ್, ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲಿ ಅವನು ಚೆಂಡನ್ನು ಎಡಗಾಲಲ್ಲಿ ಬಾಗಿಸಿ ಗೋಲು ಕಂಬಗಳ ನಡುವೆ ಹಾಯಿಸಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟರು. ಹಿಂದಿನ ಸಾಲಿನವ ಗದರಿದ, "ಏನ್ ಅಜ್ಜಿ, ಯಾವ ಕಡೆಯವ್ರು ನೀವು?" ಪಕ್ಕದಲ್ಲಿ ಕೂತಿದ್ದ ನೀಲ್ ಟಲ್ಲಕ್ ತಿರುಗಿ, "ಅವರು ಹುಡುಗನ ಕಡೆಯವ್ರು, ಸುಮ್ನೆ ಕೂತ್ಕೊಳಯ್ಯಾ," ಎಂದರು.

ಸ್ಟೋನಿಗೇಟ್ ಆ ದಿನ ನಾಲ್ಕು ಅಂಕದಿಂದ, ಒಂದು ಗೋಲಿಗೂ ಕಡಿಮೆ ಅಂತರದಲ್ಲಿ ಸೋತಿತು. ಈಗ ಹೋಲ್ಟ್ ಅವರೇ ಹೇಳುತ್ತಾರೆ: "ಅವಳನ್ನ ಕಳ್ಕೊಂಡಿದ್ರೆ ನಷ್ಟ ಬರೀ ನಾಲ್ಕು ಅಂಕ ಆಗಿರ್ತಿರ್ಲಿಲ್ಲ." ಪಟ್ಟಿಯಲ್ಲಿ ಇಲ್ಲದ ಇಬ್ಬರು ಹುಡುಗರಿಗೆ ಪ್ರತಿವರ್ಷ ಜಾಗ ಕೊಡುವ ಪದ್ಧತಿ ಕ್ಲಬ್ಬಿನಲ್ಲಿ ಇಂದಿಗೂ ಇದೆ.

ಹನ್ನೊಂದು ವರ್ಷದಲ್ಲಿ ಗ್ಲೆನಿಸ್ ಕೈಯಲ್ಲಿ ಬೆಳೆದವರು ನಲವತ್ತಾರು ಮಂದಿ. ದೊಡ್ಡ ತಂಡಗಳಿಗೆ ಹೋದವರು ಏಳು. ಸಂಜೆ ಚೆಂಡುಗಳಿಗೆ ಗಾಳಿ ತುಂಬುತ್ತ ಅವರು ಮಾತಾಡುವುದು ಮಾತ್ರ ಉಳಿದ ಮೂವತ್ತೊಂಬತ್ತು ಜನರ ಬಗ್ಗೆ. ಅವರಲ್ಲೊಬ್ಬ ಕೊಳಾಯಿ ರಿಪೇರಿ ಮಾಡುತ್ತಾನೆ, ಒಬ್ಬ ಆಂಬುಲೆನ್ಸಿನಲ್ಲಿದ್ದಾನೆ, ಒಬ್ಬ ಊರು ಬಿಟ್ಟು ಕುರಿ ಸಾಕುತ್ತಿದ್ದಾನೆ. "ಅಪ್ಪನ ಹೆಸರು ಹೊತ್ಕೊಂಡು ಬಂದು, 'ನಿನ್ನಿಂದ ಆಗ್ಲಿಲ್ಲ' ಅನ್ನಿಸ್ಕೊಂಡು ಹೋದ ಮಕ್ಕಳು. ಹದಿನೆಂಟನೇ ವಯಸ್ಸಿಗೆ ಅದು ಸಣ್ಣ ಭಾರ ಅಲ್ಲ. ಅದಾದ್ಮೇಲೂ ನೆಟ್ಟಗೆ ನಡೀತಿದಾರಲ್ಲ, ಅದನ್ನ ಯಾರೂ ಬರೆಯಲ್ಲ."

ಅವರ ಆಸೆ ಒಂದೇ. ಈ ನವೆಂಬರ್, ಆಯ್ಕೆಯ ದಿನ ಎಲ್ಲರೂ ಟಿ.ವಿ. ಮುಂದೆ ಕೂತಿರುವಾಗ, ಆ ಮೂವತ್ತೊಂಬತ್ತು ಜನರನ್ನೂ ಸಣ್ಣ ಮೈದಾನಕ್ಕೆ ಊಟಕ್ಕೆ ಕರೆಯಬೇಕು. ಕೆಂಡದ ಮೇಲೆ ಸಾಸೇಜು ಸುಡುವವರು ಗ್ಲೆನಿಸ್, ಬ್ರೆಡ್ಡು ಕೆವಿನ್ ಬೇಕರಿಯದು. ಈಗಾಗಲೇ ಮೂವತ್ನಾಲ್ಕು ಜನ ಬರುತ್ತೇನೆಂದಿದ್ದಾರೆ. ಅಪ್ಪಂದಿರನ್ನೂ ಕರೆಯುತ್ತೀರಾ ಎಂದು ಕೇಳಿದರೆ ಗ್ಲೆನಿಸ್ ಇನ್ನೊಂದು ಚೆಂಡಿಗೆ ಪಂಪು ಚುಚ್ಚುತ್ತಾರೆ.

"ಬರ್ಲಿ. ಪಾತ್ರೆ ತೊಳಿಯೋಕೂ ಜನ ಬೇಕಲ್ಲ."