ಮೂಗಿನ ತಂತಿ

ಗಂಗವ್ವ, ನಿನ್ನ ಕೈ ಕೆಟ್ಟಿರಲಿಲ್ಲ. ನಿನ್ನ ಕಟ್ಟಿಗೆಯ ಮೀನುಗಳನ್ನು ಕೆಡಿಸಿದವಳು ನಾನು — ನಿನ್ನ ಗಂಡನ ಅಣ್ಣನ ಹೆಂಡತಿ, ನೀನು ಬಾಯಿ ತುಂಬ ಅಕ್ಕ ಅನ್ನುವವಳು. ಹನ್ನೆರಡು ವರ್ಷವಾಯಿತು. ನನಗೆ ಅಕ್ಷರ ಅಷ್ಟಕ್ಕಷ್ಟೆ, ತಪ್ಪಿದ್ದರೆ ತಪ್ಪಿರಲಿ.

ನೀನು ಈ ಮಾಗಳ ಊರಿಗೆ ಸೊಸೆಯಾಗಿ ಬಂದಾಗ ಈ ಕೆಲಸ ಕಲಿಸಿದವಳೂ ನಾನೇ. ಹಾಲುವಾಣ ಮರದ ಹಗುರ ಕಟ್ಟಿಗೆಯನ್ನು ಬೆರಳುದ್ದದ ಮೀನಾಗಿ ಕೆತ್ತುವುದು, ಹೊಟ್ಟೆಗೆ ತೂತು ಕೊರೆದು ಸೀಸ ಹುಯ್ಯುವುದು, ಗಾಳದ ದಾರ ಕಟ್ಟಲು ಮೂಗಿಗೆ ತಂತಿಯ ಉಂಗುರ ಕೂಡಿಸುವುದು. ಆ ಉಂಗುರ ನಟ್ಟನಡುವೆ ಇದ್ದರೆ, ನೀರಲ್ಲಿ ಎಳೆದಾಗ ಕಟ್ಟಿಗೆ ಜೀವಂತ ಮೀನಿನಂತೆ ಬಳುಕುತ್ತದೆ. ದೊಡ್ಡ ಮೀನು ಮೋಸಹೋಗಿ ಕಚ್ಚುತ್ತದೆ. ಎಳ್ಳಿನಷ್ಟು ವಾರೆಯಾದರೂ ಮಗ್ಗುಲಾಗಿ ಗಿರಗಿರ ತಿರುಗುತ್ತದೆ.

ನಿನ್ನವು ನನ್ನವಕ್ಕಿಂತ ಚೆಂದ ಬಳುಕಿದವು. ಹೊಳೆಗೆ ಹೋಗುವವರೆಲ್ಲ ನಿನ್ನ ಬಾಗಿಲಿಗೆ ಬಂದರು. ಅದನ್ನು ನುಂಗಿಕೊಂಡೆ. ಒಂದು ಮುಂಜಾನೆ ನನ್ನ ಗಂಡ, ನಾನು ಕೆತ್ತಿದ್ದನ್ನು ಕಟ್ಟೆಯ ಮೇಲೆ ಬಿಟ್ಟು ನಿನ್ನದನ್ನು ಗಾಳಕ್ಕೆ ಕಟ್ಟಿದ. "ನಿಂದು ಕಟಿಗಿ, ಆಕಿದು ಮೀನ," ಅಂದ. ನಕ್ಕ.

ಅಂದಿನಿಂದ, ನೀನು ಬಣ್ಣ ಬಳಿದು ಅಂಗಳದಲ್ಲಿ ಒಣಗಲು ಇಟ್ಟ ಒಂದೊಂದರ ಮೂಗನ್ನೂ ಇಕ್ಕಳದಿಂದ... ಇಷ್ಟೇ ಇಷ್ಟು ವಾರೆ ಮಾಡಿದೆ. ಕಣ್ಣಿಗೆ ಕಾಣುವಷ್ಟಲ್ಲ.

ಮಂದಿ ತಿರುಗಿ ತಂದು ಒಗೆದರು. "ಏನಬೇ ಗಂಗವ್ವ, ನಿನ್ನ ಮೀನು ಕುಡದು ಬಂದಾವೇನು? ನೀರಾಗ ಹೊಳ್ಳಾಡ್ತಾವಲ್ಲ!" ಮೊದಲು ನೀನೂ ನಕ್ಕೆ. ಆಮೇಲೆ ಮತ್ತೆ ಮತ್ತೆ ಕೆತ್ತಿದೆ, ಸೀಸ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ — ಮೂಗನ್ನು ಮಾತ್ರ ನೋಡಲಿಲ್ಲ. ಅದು ಅಕ್ಕ ಕಲಿಸಿದ ಕೆಲಸ, ತಪ್ಪಿರಲಿಕ್ಕಿಲ್ಲ ಅಂತ. "ನನ್ನ ಕೈಯಾಗಿಂದು ಹೋತಕ್ಕ," ಅಂದೆ ನೀನು. "ಹೋಗ್ತೈತಿ ಬಿಡು, ಎಲ್ಲಾರ್ದೂ ಹೋಗ್ತೈತಿ," ಅಂದೆ ನಾನು. ನೀನು ಚಾಕು ಕಟ್ಟಿಟ್ಟೆ. ಅಂದಿನಿಂದ ಮಂದಿಯ ಮೆಕ್ಕೆಜೋಳ ಸುಲಿಯುತ್ತೀ.

ಮೊನ್ನೆ ಮಾಡಿನ ಸಂದಿಯಲ್ಲಿ ನಿನ್ನದೊಂದು ಹಳೆಯ ಮೀನು ಸಿಕ್ಕಿತು. ಮೂಗು ನೆಟ್ಟಗೆ ಮಾಡಿ, ನಿನ್ನನ್ನು ಹೊಳೆದಂಡೆಗೆ ಕರೆದು, ನೀರಲ್ಲಿ ಎಳೆದು ತೋರಿಸಿದೆ. ಬಳುಕಿತು. ಬಾಯಿ ಬಿಡಬೇಕೆಂದಿದ್ದೆ. ಅಷ್ಟರಲ್ಲಿ ನೀನು, "ಯಾರು ಮಾಡ್ಯಾರಕ್ಕ? ಕಣ್ಣು ನಾ ಕೊರದಂಗ ಅದಾವು... ನಂದಲ್ಲ ಬಿಡು. ನನ್ನವು ಎಲ್ಲಿ ಹಿಂಗ ಈಜ್ತಿದ್ವು," ಅಂದೆ.

ನಾನು — ಯಾರದೋ ಅಂದೆ.

ಈಗ ನಿನ್ನ ಬೆರಳು ನಡುಗುತ್ತವೆ, ಚಾಕು ಹಿಡಿಯುವಂತಿಲ್ಲ. ನಿನಗೆ ಓದು ಬರುವುದಿಲ್ಲ. ನಾಳೆ ನಾನೇ ಅಕ್ಷರ ಕೂಡಿಸಿಕೊಂಡು ಇದನ್ನು ಓದುತ್ತೇನೆ. ಆ ಮೀನನ್ನು ನಿನ್ನ ಕೈಯಲ್ಲಿಟ್ಟು ಓದುತ್ತೇನೆ. ಆಮೇಲೆ ನನ್ನನ್ನು ಅಕ್ಕ ಅನ್ನಬೇಡ.