ಇಂಗ್ಲಿಷಿನಲ್ಲಿ ಕೊಟ್ಟ ಮಾತು

ಮಗಳಿಗೆ ಮಡಗಾಂವಿನ ಕಾನ್ವೆಂಟಿನಲ್ಲಿ ಸೀಟು ಸಿಗದಿದ್ದರೆ ಅವಳನ್ನು ಧಾರವಾಡಕ್ಕೆ ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಲ್ಲಿ ನನ್ನ ಗಂಡನ ಸೋದರತ್ತೆಯ ಮನೆಯಿತ್ತು, ಮನೆಯ ಎದುರಿಗೇ ಕನ್ನಡ ಸಾಲೆಯಿತ್ತು. ಆರು ತುಂಬದ ಕೂಸನ್ನು ಅಲ್ಲಿ ಬಿಟ್ಟು ನಾನು ಗೋವಾದಲ್ಲಿ ರೊಟ್ಟಿ ಬಡಿಯುತ್ತ ಕೂಡಬೇಕಂತೆ! ತೀರ್ಮಾನ ಮಾಡಿದವರು ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಸೊಸೆಯನ್ನು ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು.

ನಮ್ಮದು ಧಾರವಾಡದ ಕಡೆಯಿಂದ ಬಂದು ಮಡಗಾಂವಿನ ಮಾರ್ಕೆಟ್ಟಿನಲ್ಲಿ ಅರಿವೆ ಅಂಗಡಿ ಹಾಕಿದ ಮನೆತನ. ಯಜಮಾನಿಕೆ ಮಾವನವರದು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮದುವೆಯಾಗಿ ಬಂದಾಗಿನಿಂದ ನಾನು ಅವರೆದುರು ಕುರ್ಚಿಯ ಮೇಲೆ ಕೂತವಳಲ್ಲ, ನೇರ ಮಾತಾಡಿದವಳೂ ಅಲ್ಲ. ಅವರು ಅಲ್ಲೇ ಮಣೆಯ ಪಕ್ಕದಲ್ಲಿ ನಿಂತಿದ್ದರೂ ನಾನು ಗೋಡೆಯ ಕಡೆ ಮುಖ ಮಾಡಿ, "ಅತ್ತೀ, ಊಟಕ್ಕ ಬರಬೇಕಂತ ಹೇಳ್ರಿ" ಅನ್ನಬೇಕು. ಅತ್ತೆ ಅದನ್ನೇ ಅವರಿಗೆ ಮತ್ತೊಮ್ಮೆ ಹೇಳುತ್ತಿದ್ದರು. ಅವರೇನು ಕಿವುಡರೇ? ನನಗೆ ನಗು ಬರುತ್ತಿತ್ತು, ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು. ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಎರಡನ್ನೂ ಮುಚ್ಚಿಕೊಳ್ಳುತ್ತಿದ್ದೆ.

ಶಾಲೆಯವರದೂ ಒಂದು ಪದ್ಧತಿಯಿತ್ತು. ಮಗುವಿನ ಜೊತೆ ತಂದೆ ತಾಯಿಯನ್ನೂ ಕೂಡಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತಿದ್ದರು. ತಾಯಿಗೆ ಇಂಗ್ಲಿಷ್ ಬರದಿದ್ದರೆ ಮನೆಯಲ್ಲಿ ಪಾಠ ಹೇಳಿಕೊಡುವವರು ಯಾರು ಎಂಬುದು ಅವರ ವಾದ. ನಾನು ಕನ್ನಡದಲ್ಲಿ ಓದಿ ಮೆಟ್ರಿಕ್ ಮುಗಿಸಿದವಳು. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಆಡಲು ಹೋದರೆ ನಾಲಗೆ ಒಣಗುತ್ತಿತ್ತು.

ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಟೀಚರೊಬ್ಬರು ಒಂಟಿಯಾಗಿ ಇದ್ದರು. ಗೋವಾದ ಕ್ರಿಶ್ಚಿಯನ್ನರು, ಭಾರೀ ಶಿಸ್ತಿನ ಹೆಂಗಸು. ಮಧ್ಯಾಹ್ನ ಊರಿನ ಅಂಗಡಿಗಳೆಲ್ಲ ಬಾಗಿಲು ಮುಂದೆ ಮಾಡಿಕೊಂಡು ನಿದ್ದೆ ಹೊಡೆಯುವ ಹೊತ್ತಿಗೆ ಇಂಗ್ಲಿಷ್ ಮಾತು ಕಲಿಯಲು ಅವರ ಹತ್ತಿರ ಹೋಗತೊಡಗಿದೆ. ಅತ್ತೆಗೆ ಗೊತ್ತಿತ್ತು. "ನಿಮ್ಮ ಮಾಮಾರು ಏಳೂದ್ರಾಗ ಬಂದಬಿಡವಾ" ಅನ್ನುತ್ತಿದ್ದರು, ಅಷ್ಟೇ.

ಟೀಚರು ಹಿಡಿದದ್ದು ಮಾಡಬೇಕು, ಮಾಡಬಾರದು ಅನ್ನುವ ಮಾತುಗಳನ್ನು. ನಮ್ಮ ಮನಸ್ಸೇ ನಮಗೆ ಹೇಳಿದರೆ ಮಸ್ಟ್. ಹೊರಗಿನವರು ಹೇರಿದರೆ ಹ್ಯಾವ್ ಟು. ಮಾಡಿದರೆ ಒಳ್ಳೆಯದು ಅನ್ನುವುದಕ್ಕೆ ಶುಡ್. ಮಾಡುವ ಅಗತ್ಯವೇ ಇಲ್ಲ ಅನ್ನುವುದಕ್ಕೆ ನೀಡ್ ನಾಟ್. ನಿನ್ನ ದಿನಚರಿಯನ್ನೇ ಹೇಳು ಅಂದರು. ಹೇಳಿದೆ. ನಸುಕಿನಲ್ಲಿ ಏಳುವುದು, ತಲೆಯ ಮೇಲೆ ಸೆರಗು ಹೊದೆಯುವುದು, ಎಲ್ಲರೂ ಉಂಡ ಮೇಲೆ ಉಣ್ಣುವುದು. ಎಲ್ಲಕ್ಕೂ ಐ ಹ್ಯಾವ್ ಟು, ಐ ಹ್ಯಾವ್ ಟು. ಅವರು ಕನ್ನಡಕ ತೆಗೆದು, ನಿನ್ನ ಬಾಯಲ್ಲಿ ಒಂದೂ ಮಸ್ಟ್ ಬರುವುದಿಲ್ಲವೇ ಎಂದು ಕೊಂಕಣಿಯಲ್ಲಿ ಕೇಳಿದರು. ಮನೆ ತುಂಬ ಹ್ಯಾವ್ ಟುಗಳೇ ಇರುವಾಗ ಮಸ್ಟ್ ಎಲ್ಲಿಂದ ಹುಟ್ಟಿಸಿಕೊಂಡು ಬರಲಿ ಎಂದು ನಾನೂ ಕೊಂಕಣಿಯಲ್ಲೇ ರೇಗಿದೆ. ಅವರು ನಕ್ಕರು. ನಕ್ಕು, ಮತ್ತೆ ಮೊದಲಿನಿಂದ ಹೇಳಿಸಿದರು.

ಶಾಲೆಗೆ ಹೋಗಬೇಕಾದ ದಿನ ಗೊತ್ತಾಯಿತು. ಏಪ್ರಿಲ್ ತಿಂಗಳು, ಸುಡುಸುಡು ಬಿಸಿಲು. ಲಗ್ನದ ಹಂಗಾಮಿಗೆಂದು ಮಾಲು ತರಲು ಇಚಲಕರಂಜಿಗೆ ಹೋಗಿದ್ದ ನನ್ನ ಗಂಡ ಹಿಂದಿನ ದಿನವೇ ಬರಬೇಕಿತ್ತು. ಬೆಳಗ್ಗೆ ಪಕ್ಕದ ಅಂಗಡಿಗೆ ಫೋನು ಬಂತು: ಮಾಲು ಕೈಗೆ ಬಂದಿಲ್ಲ, ಇನ್ನೂ ಅಲ್ಲೇ ಇದ್ದೇನೆ. ನಾನೊಬ್ಬಳೇ ಹೋಗಿಬರುತ್ತೇನೆಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಪಡಸಾಲೆಯಿಂದ ಮಾವನವರ ದನಿ ಬಂತು.

"ಹಿರ್ಯಾರಿಲ್ದ ಹೆಣಮಗಳು ಒಬ್ಬಾಕಿನ ಸಾಲಿಗೆ ಹೋಗೂದಂದ್ರೇನು? ನಾ ಬರ್ತೀನಿ."

ನಾನು ಕಲಿತ ಇಂಗ್ಲಿಷ್ ಅಲ್ಲೇ ಅರ್ಧ ಹಾರಿಹೋಯಿತು.

ಅವರು ತೊಳೆದ ಧೋತರ ಉಟ್ಟು, ಕರಿ ಟೊಪ್ಪಿಗೆ ಇಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಮೊಮ್ಮಗಳ ಕೈ ಹಿಡಿದು ಮುಂದೆ ನಡೆದರು. ನಾನು ಹಿಂದೆ. ಶಾಲೆಯ ಕೋಣೆಯಲ್ಲಿ ಮೇಜಿನ ಆಚೆ ಸಿಸ್ಟರ್ ಕೂತಿದ್ದರು. ಕೇರಳದ ಕಡೆಯವರು, ಕೊಂಕಣಿ ಬರುತ್ತಿರಲಿಲ್ಲ. ಈಚೆ ಮೂರು ಕುರ್ಚಿಗಳು. ಮಾವನವರು ಒಂದರಲ್ಲಿ ಕೂತರು, ಮಗಳನ್ನು ಇನ್ನೊಂದರಲ್ಲಿ ಕೂಡಿಸಿದರು. ಮೂರನೆಯ ಕುರ್ಚಿಯ ಹಿಂದೆ ನಾನು ನಿಂತೆ.

"ಪ್ಲೀಸ್ ಸಿಟ್" ಅಂದರು ಸಿಸ್ಟರ್. ನಾನು ಅಲುಗಾಡಲಿಲ್ಲ. "ಯೂ ಮಸ್ಟ್ ಸಿಟ್" ಅಂದರು. ಕುರ್ಚಿಯ ಬೆನ್ನು ಹಿಡಿದುಕೊಂಡು ನೆಲ ನೋಡಿದೆ. ನನ್ನ ಮಗಳ ಹೆಸರೇನು, ಮನೆಯಲ್ಲಿ ಯಾವ ಭಾಷೆ, ಅವಳಿಗೆ ಅಕ್ಷರ ಹೇಳಿಕೊಟ್ಟವರು ಯಾರು ಎಂದು ಒಂದರ ಹಿಂದೊಂದು ಕೇಳಿದರು. ಒಂದೊಂದಕ್ಕೂ ಉತ್ತರ ಗೊತ್ತಿತ್ತು. ಟೀಚರ ಮುಂದೆ ಪಟಪಟ ಹೇಳಿದ ಉತ್ತರಗಳೇ. ಆದರೆ ಮಾವನವರ ಟೊಪ್ಪಿಗೆ ಕಣ್ಣೆದುರಿಗಿತ್ತು. ಅವರ ಮುಂದೆ ನನ್ನ ದನಿ ಎಂದೂ ಹೊರಬಿದ್ದಿರಲಿಲ್ಲ, ಈಗ ಬೀಳೆಂದರೆ ಬೀಳುವುದು ಹೇಗೆ?

ಸಿಸ್ಟರ್ ಮಾವನವರ ಕಡೆ ತಿರುಗಿದರು. ಇವಳಿಗೆ ಇಂಗ್ಲಿಷ್ ತಿಳಿಯುತ್ತದೆಯೇ ಎಂದು ಕೇಳಿದರು.

"ಯಸ್, ಸಿಸ್ಟರ್. ಯಸ್ ಯಸ್" ಅಂದರು ಮಾವನವರು, ಮುಖ ತುಂಬ ನಕ್ಕು.

ಇಲ್ಲಿ ಒಂದು ಮಾತು ಹೇಳಬೇಕು. ಮಾವನವರಿಗೆ ಕನ್ನಡ, ಮರಾಠಿ, ಕೊಂಕಣಿ, ಹಿಂದಿ ಎಲ್ಲ ಬರುತ್ತಿತ್ತು, ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಅವರದೊಂದು ಕಟ್ಟುನಿಟ್ಟು. ಗಿರಾಕಿಗೆ ಇಲ್ಲ ಅನ್ನಬಾರದು. ಕೇಳಿದ ಬಣ್ಣ ಇಲ್ಲದಿದ್ದರೂ ಐತ್ರಿ, ಕೂಡ್ರಿ ಅನ್ನಬೇಕು, ಕೂಡಿಸಿ ಬೇರೆಯದನ್ನು ತೋರಿಸಬೇಕು. ಇಲ್ಲ ಅಂದ ಅಂಗಡಿಯ ಮೆಟ್ಟಿಲನ್ನು ಗಿರಾಕಿ ಮತ್ತೆ ಹತ್ತುವುದಿಲ್ಲವೆಂದು ನನ್ನ ಗಂಡನಿಗೆ ದಿನಾ ಬೈಯುತ್ತಿದ್ದರು. ಇಂಗ್ಲಿಷಿನವರು ಯಾರೇ ಬಂದು ಏನೇ ಕೇಳಲಿ, ಯಸ್ ಯಸ್. ಅದೇ ಹತ್ಯಾರವನ್ನು ಇಲ್ಲಿಗೂ ತಂದಿದ್ದರು.

ಸಿಸ್ಟರ್ ಪೆನ್ನು ಕೆಳಗಿಟ್ಟರು. ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡಿದರು. ವ್ಯಾಪಾರಸ್ಥರ ಮನೆಯ ಹುಡುಗಿಯರಿಗೆ ಈ ಹಿಂದೆಯೂ ಸೀಟು ಕೊಟ್ಟಿದ್ದೇನೆ. ದೊಡ್ಡವರಾಗುತ್ತಲೇ ಬಿಡಿಸಿ ಮದುವೆ ಮಾಡಿಬಿಡುತ್ತಾರೆ. ಆ ಸೀಟು ಬೇರೆ ಯಾರಿಗಾದರೂ ಉಪಯೋಗವಾಗುತ್ತಿತ್ತು. ಈ ಮಗುವೂ ಹಾಗೆ ಶಾಲೆ ಬಿಡಬೇಕಾಗುತ್ತದೆಯೇ? ವಿಲ್ ಶಿ ಹ್ಯಾವ್ ಟು ಲೀವ್?

"ಯಸ್, ಸಿಸ್ಟರ್."

"ಹತ್ತನೆಯ ತರಗತಿಗಿಂತ ಮೊದಲೇ?" ಅದೂ ಇಂಗ್ಲಿಷಿನಲ್ಲೇ.

"ಯಸ್ ಯಸ್!" ಅಂದರು ಮಾವನವರು, ಗಿರಾಕಿ ಇನ್ನೇನು ಸೀರೆ ಆರಿಸಿದಳು ಅನ್ನುವಷ್ಟು ಉಮೇದಿನಿಂದ.

ಅಯ್ಯೋ ದೇವರೇ! ಸಿಸ್ಟರ್ ನಮ್ಮ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಮಗಳು ಕಾಲು ಅಲ್ಲಾಡಿಸುತ್ತ ಕಿಟಕಿಯಾಚೆ ಜೋಕಾಲಿ ನೋಡುತ್ತಿದ್ದಳು. ಧಾರವಾಡದ ಬಸ್ಸಿನ ಕಿಟಕಿಯಲ್ಲಿ ಅದೇ ಮುಖ ನನಗೆ ಕಂಡಿತು. ಧೈರ್ಯ ಬಂತೆಂದು ಹೇಳಿದರೆ ಸುಳ್ಳು. ನಿಲ್ಲಲಾರದೆ ಕುರ್ಚಿ ಎಳೆದುಕೊಂಡು ಕೂತೆ.

ಕೂತ ಮೇಲೆ ದನಿ ಬಂತು. ಬಂದದ್ದು ಜೋರಾಗೇ ಬಂತು.

"ನೋ, ಸಿಸ್ಟರ್. ಶಿ ನೀಡ್ ನಾಟ್ ಲೀವ್. ಶಿ ಮಸ್ಟ್ ಸ್ಟಡಿ. ಆಲ್ ಕ್ಲಾಸಸ್. ಕಾಲೇಜ್ ಆಲ್ಸೋ."

ಮಾವನವರ ಕತ್ತು ನನ್ನ ಕಡೆ ತಿರುಗಿದ್ದು ಕಣ್ಣಂಚಿಗೆ ಕಂಡಿತು. ನಾನು ಸಿಸ್ಟರನ್ನೇ ನೋಡುತ್ತಿದ್ದೆ. ಅವರಿಗೆ ಆಶ್ಚರ್ಯ. ಆದರೆ ಇವರು ಯಸ್ ಅನ್ನುತ್ತಿದ್ದಾರಲ್ಲ ಅಂದರು.

"ಹಿ ಸೇಸ್ ಯಸ್ ಟು ಎವೆರಿಬಡಿ, ಸಿಸ್ಟರ್. ಹಿ ಈಸ್ ಎ ಶಾಪ್‌ಕೀಪರ್."

ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. ಆದರೆ ಬಿಡುವ ಹೆಂಗಸಲ್ಲ ಅವರು. ಮುಂದಕ್ಕೆ ಬಾಗಿ ಕೇಳಿದರು: ಓದಲೇಬೇಕು ಅನ್ನುತ್ತೀಯಲ್ಲ, ಅನ್ನುವವರು ಯಾರು? ನೀನೊಬ್ಬಳೋ?

ನಾನೊಬ್ಬಳೇ ಅಂದರೆ ಆ ಮಾತಿಗೆ ಕಿಮ್ಮತ್ತಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಕ್ಕದಲ್ಲಿ ಮನೆಯ ಯಜಮಾನರು ಕೂತಿದ್ದರು. ಅವರನ್ನು ನಾನು ಏನೂ ಕೇಳಿರಲಿಲ್ಲ. "ವಿ" ಅಂದೆ. "ವಿ ಸೇ, ಸಿಸ್ಟರ್. ಅವರ್ ಹೌಸ್." ನಾವು ಅನ್ನುತ್ತೇವೆ, ನಮ್ಮ ಮನೆ ಅನ್ನುತ್ತದೆ.

"ಪ್ರಾಮಿಸ್?"

"ಯಸ್" ಅಂದೆ. ಈ ಸಲ ಯಸ್ ಅಂದವಳು ನಾನು.

ಜೂನ್‌ನಲ್ಲಿ ಮಗುವನ್ನು ಕರೆತನ್ನಿ ಎಂದು ಸಿಸ್ಟರ್ ಎದ್ದು ನಿಂತರು.

ಹೊರಗೆ ಬಂದೆವು. ಮುಂದೆ ಮಾವನವರು, ಕೈಯಲ್ಲಿ ಮೊಮ್ಮಗಳು, ಹಿಂದೆ ನಾನು, ಮೊದಲಿನ ಹಾಗೆಯೇ. ಸೆರಗು ಯಾವಾಗ ಜಾರಿತ್ತೋ, ಎಳೆದುಕೊಂಡೆ. ಸೀಟು ಸಿಕ್ಕ ಖುಷಿ ಮೂಗಿನ ತನಕ ಬಂದು ನಿಂತಿತ್ತು, ಅಲ್ಲಿಂದ ಮೇಲೆ ಬರೀ ಭಯ. ಮಗಳ ಜಾಗದಲ್ಲಿ ನನ್ನನ್ನೇ ತವರಿಗೆ ಕಳಿಸಿದರೆ? ಗಂಡ ಬಂದ ಕೂಡಲೇ ಇವರು ಏನು ಹೇಳುತ್ತಾರೆ? ಮಾರ್ಕೆಟ್ಟಿನ ಹತ್ತಿರ ಮೀನಿನ ಬುಟ್ಟಿಯವರು ಕೂಗುತ್ತಿದ್ದರು, ಯಾವುದೂ ಕಿವಿಗೆ ಬೀಳಲಿಲ್ಲ. ಒಂದು ಮರದ ನೆರಳಿನಲ್ಲಿ ಮಾವನವರು ನಿಂತರು. ನನ್ನ ಕಡೆ ನೋಡಲಿಲ್ಲ.

"ಏನ್ ಕೇಳಿದ್ಲು ಅಕಿ?"

ನಡುವೆ ಅತ್ತೆ ಇರಲಿಲ್ಲ. ನೇರ ನಾನೇ ಹೇಳಬೇಕು. ಹೇಳಿದೆ. ಹುಡುಗಿಯನ್ನು ಸಾಲೆ ಬಿಡಿಸಿ ಲಗ್ನ ಮಾಡುತ್ತೀರೇನು ಎಂದು ಸಿಸ್ಟರ್ ಕೇಳಿದರು ಅಂತ.

"ಅದಕ್ಕ ನಾ ಏನಂದೆ?"

"ಯಸ್ ಅಂದ್ರಿ, ಮಾಮಾರ. ಹೌದು ಅಂದ್ಹಂಗ ಅದು."

ಅವರ ಮುಖ ಕೆಂಪಾಯಿತು. ಅಂಗವಸ್ತ್ರದಿಂದ ಕತ್ತು ಒರೆಸಿಕೊಂಡರು. "ನೀ ಏನಂದಿ?"

"ಬಿಡಸೂದಿಲ್ಲ, ಕಾಲೇಜಿನ ತನಕ ಓದಸ್ತೇವಿ ಅಂದೇನ್ರಿ."

"ಓದಸ್ತೀನಿ ಅಂದ್ಯೋ, ಓದಸ್ತೇವಿ ಅಂದ್ಯೋ?"

ಸುಳ್ಳು ಹೇಳಬಹುದಿತ್ತು. ಇಂಗ್ಲಿಷಿನಲ್ಲಿ ಏನಾಯಿತೆಂದು ಅವರಿಗೆ ಯಾರು ಹೇಳಬೇಕು? ಆದರೆ ಅಷ್ಟು ಹೊತ್ತಿಗೆ ನನಗೂ ಸಿಟ್ಟು ಬಂದಿತ್ತು. ಏನಾಗುತ್ತದೋ ಆಗಲಿ.

"ಓದಸ್ತೇವಿ ಅಂದೇನ್ರಿ. ಮನೀ ಹೆಸರ್ಲೆ ಮಾತು ಕೊಟ್ಟೇನಿ."

"ಯಾರನ್ನ ಕೇಳಿ ಕೊಟ್ಟಿ?"

"ಯಾರನ್ನೂ ಕೇಳಿಲ್ರಿ. ಕೇಳಿದ್ರ ಸೀಟು ಹೋಗತಿತ್ತು."

ಬೈಯುತ್ತಾರೆಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಬೈಯಲಿಲ್ಲ. ಮಗಳು ಬಾಯಾರಿಕೆ ಎಂದಳು. ಅವಳಿಗೆ ಸೋಡಾ ಕೊಡಿಸಿದರು. ಮನೆಗೆ ಬಂದು, "ಸೀಟ್ ಆತು" ಎಂದು ಅತ್ತೆಗೆ ಅಷ್ಟೇ ಹೇಳಿ ಅಂಗಡಿಗೆ ನಡೆದರು. ನನ್ನ ಗಂಡ ಬಂದ ಮೇಲೂ ಆ ಸಂಗತಿ ಎತ್ತಲಿಲ್ಲ. ನಾನು ಬಹಳ ದಿನ ಹೆದರಿಕೊಂಡೇ ಓಡಾಡಿದೆ. ಎತ್ತದೆ ಇಟ್ಟುಕೊಂಡ ಮಾತು ಎಂದು ಬಂದು ಬೀಳುತ್ತದೋ ಎಂಬ ಧಾಸ್ತಿ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಳು. ಗೋವಾದ್ದೇ ಊರಾದ ಸಾಂಗೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನಮ್ಮ ಕಡೆಯವರೊಬ್ಬರು ಹುಬ್ಬಳ್ಳಿಯ ಸಂಬಂಧ ತಂದರು. ದೊಡ್ಡ ಮನೆತನ, ಸಗಟು ವ್ಯಾಪಾರ, ಒಬ್ಬನೇ ಮಗ. ನನ್ನ ಗಂಡನ ಮುಖ ಅರಳಿತು. ಅತ್ತೆಯಂತೂ ಆಗಲೇ ಮೊಮ್ಮಗಳಿಗೆ ಯಾವ ಸೀರೆ ಎಂದು ಲೆಕ್ಕ ಹಾಕತೊಡಗಿದ್ದರು. ಹೆಣ್ಣಿನ ವಯಸ್ಸು ನಿಲ್ಲುವುದಿಲ್ಲ, ಇಂಥ ಮನೆ ಮತ್ತೆ ಸಿಗುವುದಿಲ್ಲ, ಎಲ್ಲರದೂ ಅದೇ ಮಾತು. ನಾನು ಒಲೆಯ ಮುಂದೆ ಚಹಾ ಕುದಿಸುತ್ತ ನಿಂತಿದ್ದೆ. ಮಗಳು ಕಾಲೇಜಿಗೆ ಹೋಗಿದ್ದಳು, ಅವಳಿಗೆ ಏನೂ ಗೊತ್ತಿರಲಿಲ್ಲ. ಈ ಸಲ ಹೊರಗೆ ಹೋಗಿ ಅಷ್ಟೂ ಗಂಡಸರ ಮುಂದೆ ಬೇಡ ಅನ್ನಬೇಕು. ಅನ್ನಲು ನನ್ನ ಹತ್ತಿರ ಏನಿತ್ತು? ಗಂಡನೇ ಹೂಂ ಅಂದ ಮೇಲೆ ನನ್ನ ಮಾತು ಯಾವ ಲೆಕ್ಕ?

ಬಾಗಿಲ ತನಕ ಬಂದೆ. ಸಾಂಗೆಯವರು ಮಾವನವರ ಕಡೆ ತಿರುಗಿ, "ನೀವೊಂದು ಹೂಂ ಅಂದ್ರ ಮುಗೀತ್ರಿ, ಯಜಮಾನ್ರ. ಹಾಲು ಸಕ್ಕರಿ ಇದ್ದಂಗ ಜೋಡಿ" ಅನ್ನುತ್ತಿದ್ದರು.

ಯಾರಿಗೂ ಇಲ್ಲ ಅಂದು ಗೊತ್ತಿಲ್ಲದ ಮಾವನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಆಗೂದಿಲ್ರಿ."

ನನ್ನ ಗಂಡ ತಲೆ ಎತ್ತಿದ. ಸಾಂಗೆಯವರಿಗೆ ಕೇಳಿಸಿದ್ದು ಸರಿಯೋ ತಪ್ಪೋ ಎಂಬ ಅನುಮಾನ. "ಯಾಕ್ರೀ? ಬ್ಯಾರೆ ಯಾರಿಗಾರ ಮಾತು ಕೊಟ್ಟೀರೇನು?"

"ಹೌದ್ರಿ. ಸಾಲಿಗೆ ಕೊಟ್ಟೇವಿ. ಕಾಲೇಜು ಮುಗಿಯೂತನಕ ಲಗ್ನದ ಮಾತಿಲ್ಲ ಅಂತ."

ಸಾಂಗೆಯವರು ಗಹಗಹಿಸಿ ನಕ್ಕರು. "ಸಾಲಿಗೆ ಯಾರಾರ ಮಾತು ಕೊಡ್ತಾರೇನ್ರಿ, ಯಜಮಾನ್ರ! ಯಾರ್ ಕೊಟ್ರು, ನೀವಾ?"

"ನಮ್ಮ ಸೊಸಿ ಕೊಟ್ಟಾಳ್ರಿ" ಅಂದರು ಮಾವನವರು. "ಅಕಿ ಮನೀ ಹೆಸರ್ಲೆ ಕೊಟ್ಟಾಗ ನಾನೂ ಅಲ್ಲೇ ಕುಂತಿದ್ದೆ. ಇನ್ನ ನಡಸಬೇಕಲ್ರಿ."